ಐಟಿಐಯಲ್ಲಿ ಕೈಗಾರಿಕಾ ಸಲಹಾ ಸಮಿತಿ: ಕಟ್ಟುವುದು ಹೇಗೆ, ಅದರಿಂದ ಕೆಲಸ ತೆಗೆಯುವುದು ಹೇಗೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಸಲಹಾ ಸಮಿತಿಯ ಕಡತ ಇದ್ದೇ ಇರುತ್ತದೆ. ಸಭೆಯೂ ನಡೆಯುತ್ತದೆ: ಹೂಗುಚ್ಛ, ಪ್ರಾಸ್ತಾವಿಕ ನುಡಿ, ವರ್ಕ್‌ಶಾಪ್ ಸುತ್ತಾಟ, ಕಾಫಿ, ಗ್ರೂಪ್ ಫೋಟೋ. ಎರಡನೇ ಸಭೆಗೆ ಕಾರ್ಖಾನೆಯವರು ತಮ್ಮ ಬದಲು ಕಿರಿಯರನ್ನು ಕಳುಹಿಸುತ್ತಾರೆ. ಮೂರನೆಯದಕ್ಕೆ ಅವರೂ ಬರುವುದಿಲ್ಲ. ಉದ್ಯಮದವರಿಗೆ ಆಸಕ್ತಿ ಇಲ್ಲ ಎಂದು ಬರೆದು ಕಡತ ಮುಚ್ಚುವುದು ಸುಲಭ. ಆದರೆ ಅವರನ್ನು ಕರೆದದ್ದೇ ನಮ್ಮ ಸಂಸ್ಥೆ ತೋರಿಸಲು. ಏನನ್ನಾದರೂ ಕೇಳಿದ್ದರೂ, ಅವರು ಹೇಳಿದ್ದು ಏನಾಯಿತು ಎಂದು ತಿರುಗಿ ತಿಳಿಸಿದವರಿಲ್ಲ.

ಈ ಮಾರ್ಗದರ್ಶಿ ಪ್ರಾಚಾರ್ಯರಿಗೆ, ತರಬೇತಿ ಅಧಿಕಾರಿಗಳಿಗೆ, ಜೆಟಿಓಗಳಿಗೆ (ಕಿರಿಯ ತರಬೇತಿ ಅಧಿಕಾರಿಗಳಿಗೆ), ಪ್ಲೇಸ್‌ಮೆಂಟ್ ನೋಡಿಕೊಳ್ಳುವವರಿಗೆ. ಹಂತಗಳ ಕ್ರಮ ಮುಖ್ಯ. ಹೆಚ್ಚಿನವರು ಮೊದಲೆರಡು ಹಂತ ಬಿಟ್ಟು ನೇರ ಸದಸ್ಯರ ಪಟ್ಟಿ ಬರೆಯಲು ಕೂರುತ್ತಾರೆ, ಅಲ್ಲೇ ಕೆಡುತ್ತದೆ.

## ಶುರು ಮಾಡುವ ಮುನ್ನ ಮೇಜಿನ ಮೇಲೆ ಇರಬೇಕಾದದ್ದು

ಆಯಾ ಟ್ರೇಡಿನ ಚಾಲ್ತಿ ಪಠ್ಯಕ್ರಮದ ಪ್ರಾಯೋಗಿಕ ಅಭ್ಯಾಸಗಳ ಪಟ್ಟಿ. ಕಳೆದ 3 ವರ್ಷ ಪಾಸಾದವರು ಈಗ ಎಲ್ಲಿದ್ದಾರೆ ಎಂಬ ಪಟ್ಟಿ, ಫೋನ್ ಮಾಡಿ ಖಚಿತಪಡಿಸಿಕೊಂಡದ್ದು. ದಾಸ್ತಾನು ವಹಿಯಿಂದ ಎತ್ತಿದ ಯಂತ್ರಗಳ ಪಟ್ಟಿ, ಪ್ರತಿಯೊಂದರ ಮುಂದೆ ‘ನಡೆಯುತ್ತಿದೆ’ ಅಥವಾ ‘ನಿಂತಿದೆ’ ಎಂಬ ಗುರುತು. ವರ್ಕ್‌ಶಾಪಿಗೆ ಮಂಜೂರಾದ ವಿದ್ಯುತ್ ಲೋಡ್ ಎಷ್ಟು ಎಂಬ ಒಂದು ಸಾಲು. ಇಷ್ಟು ಸಾಕು. ಪವರ್‌ಪಾಯಿಂಟ್ ಬೇಡ.

## ಹಂತ 1: ಸಮಿತಿಗೆ ಏನು ಅಧಿಕಾರ, ಏನಿಲ್ಲ ಎಂಬುದನ್ನು ಬರೆದಿಡಿ

ಇಲ್ಲಿ ಎರಡು ಬೇರೆ ವ್ಯವಸ್ಥೆಗಳು ಕಲಸಿಹೋಗುತ್ತವೆ. 2007-08ರಲ್ಲಿ ಶುರುವಾದ ಕೇಂದ್ರದ ಪಿಪಿಪಿ (ಸರ್ಕಾರಿ-ಖಾಸಗಿ ಸಹಭಾಗಿತ್ವ) ಯೋಜನೆಯಲ್ಲಿ ದೇಶದ 1,396 ಸರ್ಕಾರಿ ಐಟಿಐಗಳನ್ನು ಸೇರಿಸಿ, ಪ್ರತಿಯೊಂದಕ್ಕೆ 2.5 ಕೋಟಿ ರೂಪಾಯಿವರೆಗೆ ಬಡ್ಡಿರಹಿತ ಸಾಲ ಕೊಡುವ ಏರ್ಪಾಡಾಯಿತು. ಅಲ್ಲಿ ಇರುವುದು ಸಂಸ್ಥೆಯ ನಿರ್ವಹಣಾ ಸಮಿತಿ, ಎಲ್ಲರ ಬಾಯಲ್ಲಿ ಐಎಂಸಿ. ಅದು ಸೊಸೈಟಿಯಾಗಿ ನೋಂದಾಯಿತ, ಉದ್ಯಮ ಪಾಲುದಾರರೇ ಅಧ್ಯಕ್ಷರು, ಪ್ರಾಚಾರ್ಯರು ಸದಸ್ಯ ಕಾರ್ಯದರ್ಶಿ. ಹಣ ಖರ್ಚು ಮಾಡುವ ನಿರ್ಧಾರ ಅದರದ್ದು.

ಸಲಹಾ ಸಮಿತಿಗೆ ಹಣವೂ ಇಲ್ಲ, ಮೊಹರೂ ಇಲ್ಲ. ಅದು ಹೇಳುತ್ತದೆ, ಸಂಸ್ಥೆ ತೀರ್ಮಾನಿಸುತ್ತದೆ. ನಿಮ್ಮಲ್ಲಿ ಐಎಂಸಿ ಇದ್ದರೆ ಸಲಹಾ ಸಮಿತಿಯ ಶಿಫಾರಸು ಅದರ ಮುಂದೆ ಹೋಗಬೇಕು. ಎರಡಕ್ಕೂ ಒಂದೇ ನಡಾವಳಿ ಪುಸ್ತಕ ಇಡಬೇಡಿ, ಆಡಿಟ್‌ನಲ್ಲಿ ತಲೆನೋವು.

ಪಠ್ಯಕ್ರಮದ ವಿಷಯದಲ್ಲೂ ಇಷ್ಟೇ ಸ್ಪಷ್ಟತೆ ಬೇಕು. ರಾಷ್ಟ್ರೀಯ ಪಠ್ಯಕ್ರಮವನ್ನು ಐಟಿಐ ಬದಲಿಸಲಾಗದು. ಪರೀಕ್ಷೆ ಅದರ ಮೇಲೆಯೇ. ಬದಲಿಸಬಹುದಾದದ್ದು: ಯಾವ ಅಭ್ಯಾಸವನ್ನು ಹೆಚ್ಚು ಬಾರಿ ಮಾಡಿಸುವುದು, ಅಭ್ಯಾಸಕ್ಕೆ ಯಾವ ಬಿಡಿಭಾಗ ಬಳಸುವುದು, ಪ್ರಾಜೆಕ್ಟ್ ಏನು, ಒಜೆಟಿಗೆ (ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಾ ಕಲಿಯುವ ತರಬೇತಿಗೆ) ಎಲ್ಲಿಗೆ ಕಳುಹಿಸುವುದು, ಅತಿಥಿಯಾಗಿ ಯಾರು ಪಾಠ ಮಾಡುವುದು, ಈ ವರ್ಷದ ಕಚ್ಚಾಸಾಮಗ್ರಿಯಲ್ಲಿ ಯಾವುದು ಮೊದಲು. ಈ ಆರನ್ನೂ ಒಂದು ಪುಟದಲ್ಲಿ ಅಚ್ಚು ಹಾಕಿಸಿ ಪ್ರತಿ ಸದಸ್ಯರಿಗೂ ಕೊಡಿ. ಕೊಡದಿದ್ದರೆ ಮೊದಲ ಸಭೆಯಲ್ಲೇ ಯಾರೋ ಒಬ್ಬರು ‘ನಿಮ್ಮ ಸಿಲಬಸ್ಸೇ ಹಳೇದು’ ಎನ್ನುತ್ತಾರೆ, ಉಳಿದವರು ಹೌದೆನ್ನುತ್ತಾರೆ, ಒಂದೂವರೆ ಗಂಟೆ ಅದರಲ್ಲೇ ಹೋಗುತ್ತದೆ.

## ಹಂತ 2: ಒಂದು ಟ್ರೇಡ್, ಒಂದು ಪ್ರಶ್ನೆ

ಹತ್ತು ಟ್ರೇಡ್‌ಗೂ ಒಂದೇ ಸಮಿತಿ ಮಾಡಿದರೆ ಗಾರ್ಮೆಂಟ್ಸ್ ಸೂಪರ್‌ವೈಸರ್ ಮುಂದೆ ವೆಲ್ಡಿಂಗ್ ರಾಡಿನ ಚರ್ಚೆ ನಡೆಯುತ್ತದೆ, ಅವರು ಮೊಬೈಲ್ ನೋಡುತ್ತಾರೆ. ಮೊದಲ ವರ್ಷ ಎರಡೇ ಟ್ರೇಡ್ ಆರಿಸಿ. ಪ್ರತಿ ಟ್ರೇಡಿಗೆ 4ರಿಂದ 5 ಜನರ ಉಪಸಮಿತಿ. ಪೂರ್ಣ ಸಮಿತಿ ವರ್ಷಕ್ಕೊಮ್ಮೆ ಸೇರಿದರೆ ಸಾಕು.

ಆಮೇಲೆ ಪ್ರಶ್ನೆ. ‘ತಮ್ಮ ಅಮೂಲ್ಯ ಸಲಹೆ ನೀಡಬೇಕು’ ಎಂಬುದು ಪ್ರಶ್ನೆಯಲ್ಲ, ಅದಕ್ಕೆ ಬರುವ ಉತ್ತರವೂ ಶುಭಾಶಯ ಮಾತ್ರ. ಹೀಗೆ ಕೇಳಿ: ‘ನಮ್ಮ ಎಲೆಕ್ಟ್ರಿಷಿಯನ್ ಹುಡುಗ ನಿಮ್ಮಲ್ಲಿ ಸೇರಿದ ಮೊದಲ ತಿಂಗಳು ಯಾವ ಕೆಲಸಕ್ಕೆ ಬೇರೆಯವರನ್ನು ಕರೆಯಬೇಕಾಯಿತು?’ ಇದಕ್ಕೆ ಫ್ಲೋರಿನಲ್ಲಿರುವ ಯಾರೇ ಆದರೂ ಹತ್ತು ನಿಮಿಷ ಮಾತಾಡುತ್ತಾರೆ.

## ಹಂತ 3: ಸದಸ್ಯರನ್ನು ಹುಡುಕುವುದು

ಪ್ರತಿ ಉಪಸಮಿತಿಯಲ್ಲಿ ಇಬ್ಬರಾದರೂ ದಿನವೂ ಯಂತ್ರದ ಪಕ್ಕ ನಿಲ್ಲುವವರಿರಲಿ: ಮೇಂಟೆನೆನ್ಸ್ ಸೂಪರ್‌ವೈಸರ್, ಶಿಫ್ಟ್ ಇನ್‌ಚಾರ್ಜ್, ಸರ್ವೀಸ್ ಸೆಂಟರಿನ ಹೆಡ್ ಮೆಕ್ಯಾನಿಕ್. ಒಬ್ಬರು ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ಇರುವವರು. ಒಬ್ಬರು 5ರಿಂದ 10 ಜನ ಇಟ್ಟುಕೊಂಡು ಸ್ವಂತ ಶೆಡ್ ನಡೆಸುವವರು. ಒಬ್ಬರು 3-4 ವರ್ಷದ ಹಿಂದೆ ನಿಮ್ಮಲ್ಲೇ ಕಲಿತು ಹೋದವರು. ಈ ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ವರ್ಕ್‌ಶಾಪಿನಲ್ಲಿ ಏನು ಕಲಿಸಲಿಲ್ಲ ಎಂಬುದನ್ನು ಮುಲಾಜಿಲ್ಲದೆ ಹೇಳುವವರು ಅವರೇ.

ಮಾನವ ಸಂಪನ್ಮೂಲ ವಿಭಾಗದವರಿಂದ ಮಾತ್ರ ತುಂಬಿದ ಸಮಿತಿ ಒಂದೇ ಮಾತು ಹೇಳುತ್ತದೆ: ಶಿಸ್ತು ಬೇಕು, ಇಂಗ್ಲಿಷ್ ಬೇಕು. ತಪ್ಪಿಲ್ಲ, ಆದರೆ ಅದರಿಂದ ನಾಳೆ ವರ್ಕ್‌ಶಾಪಿನಲ್ಲಿ ಏನು ಬದಲಿಸಬೇಕೆಂದು ಗೊತ್ತಾಗುವುದಿಲ್ಲ.

ಎಲ್ಲಿ ಹುಡುಕುವುದು? ಹಾಸನದಲ್ಲಿ ಗ್ರೋತ್ ಸೆಂಟರ್ ಕೈಗಾರಿಕಾ ಪ್ರದೇಶದ ಜವಳಿ, ಉಡುಪು ಘಟಕಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಹಾಲಿನ ಡೇರಿ, ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್, ಬಿ.ಎಂ. ರಸ್ತೆಯ ಫ್ಯಾಬ್ರಿಕೇಷನ್ ಶೆಡ್‌ಗಳು, ಟ್ರ್ಯಾಕ್ಟರ್ ಶೋರೂಮಿನ ಸರ್ವೀಸ್ ವಿಭಾಗ, ವಿದ್ಯುತ್ ಕಂಪನಿ ಸೆಸ್ಕ್‌ನ ವಿಭಾಗೀಯ ಕಚೇರಿ ಇವೂ ಪಟ್ಟಿಯಲ್ಲಿರಲಿ. ಚಿಕ್ಕಮಗಳೂರಿನಲ್ಲಿ ಮೆಸ್ಕಾಂ, ಕ್ಯೂರಿಂಗ್ ವರ್ಕ್ಸ್, ಹೋಟೆಲ್ ಮತ್ತು ಹೋಂಸ್ಟೇ. ಮತ್ತೆ ತೋಟಗಳು. ಪಲ್ಪರ್, ಸ್ಪ್ರಿಂಕ್ಲರ್ ಪಂಪ್‌ಸೆಟ್, ಕಳೆ ಹೊಡೆಯುವ ಮೆಷಿನ್ ರಿಪೇರಿಗೆ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರು ಪೇಟೆಗೆ ಓಡಾಡುತ್ತಲೇ ಇರುತ್ತಾರೆ. ಮೆಕ್ಯಾನಿಕ್ ಟ್ರೇಡಿನ ಸಮಿತಿಗೆ ಒಬ್ಬ ತೋಟದ ಮ್ಯಾನೇಜರ್ ಬಂದರೆ ಸಣ್ಣ ಟೂ-ಸ್ಟ್ರೋಕ್ ಎಂಜಿನ್ನಿನ ಮಾತು ಮೊದಲ ಬಾರಿಗೆ ಕೇಳಿಬರುತ್ತದೆ.

ಅವಧಿ 2 ವರ್ಷ ಎಂದು ಪತ್ರದಲ್ಲೇ ನಮೂದಿಸಿ. ಹೊರಡಲು ಬಾಗಿಲಿದ್ದರೆ ಒಳಗೆ ಬರುವವರಿಗೂ ಧೈರ್ಯ. ಯಂತ್ರ, ಉಪಕರಣ ಮಾರುವವರನ್ನು ಸದಸ್ಯರಾಗಿ ಮಾಡದಿರುವುದೇ ಒಳ್ಳೆಯದು. ಮಾಡಿದರೆ, ಖರೀದಿಯ ವಿಷಯ ಬಂದಾಗ ಅವರು ಎದ್ದು ಹೊರಗೆ ಹೋದರು ಎಂದು ನಡಾವಳಿಯಲ್ಲಿ ದಾಖಲಾಗಬೇಕು. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ ಕುರಿತ 1999ರ ಕೆಟಿಪಿಪಿ ಕಾಯ್ದೆಯಡಿ ಟೆಂಡರ್ ಕರೆಯುವ ಸಂಸ್ಥೆಗೆ, ನಿರ್ದಿಷ್ಟತೆ ಬರೆದವರೇ ಬಿಡ್ ಹಾಕಿದ್ದಾರೆ ಎಂಬ ದೂರು ಬಂದರೆ ಉತ್ತರಿಸುವುದು ಕಷ್ಟ.

## ಹಂತ 4: ಕರೆಯುವ ಮೊದಲು ಅವರಲ್ಲಿಗೆ ಹೋಗಿ

ಅಂಚೆಯಲ್ಲಿ ಹೋದ ಆಹ್ವಾನಕ್ಕೆ ಉತ್ತರ ಬರುವುದಿಲ್ಲ. ಜೆಟಿಓ ಮತ್ತು ಪ್ಲೇಸ್‌ಮೆಂಟ್ ಅಧಿಕಾರಿ ಇಬ್ಬರೂ ಹೋಗಿ, ಶಾಪ್‌ಫ್ಲೋರಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಕೇಳಬೇಕಾದ್ದು ಮೂರೇ: ಯಾವ ಯಂತ್ರ ಹೆಚ್ಚು ಕೆಡುತ್ತದೆ, ಯಾರು ರಿಪೇರಿ ಮಾಡುತ್ತಾರೆ, ಹೊಸಬರು ಎಷ್ಟು ದಿನಕ್ಕೆ ಒಬ್ಬರೇ ನಿಲ್ಲುವಂತಾಗುತ್ತಾರೆ.

ಆ ಭೇಟಿಯಲ್ಲಿ ‘ನಮ್ಮ ಮಕ್ಕಳಿಗೆ ಕೆಲಸ ಕೊಡಿ ಸಾರ್’ ಎಂದು ಕೇಳಬೇಡಿ. ದೇಣಿಗೆಯ ಮಾತಂತೂ ಬೇಡವೇ ಬೇಡ. ಮೊದಲ ಭೇಟಿಯಲ್ಲೇ ಕೈಚಾಚಿದ ಸಂಸ್ಥೆಯ ಫೋನ್ ಮತ್ತೆ ಎತ್ತುವವರಿಲ್ಲ.

ಮರುದಿನವೇ ಪತ್ರ ಕಳುಹಿಸಿ, ಒಂದು ಪುಟ ಮೀರದಂತೆ. ಟ್ರೇಡ್ ಯಾವುದು, ಅವಧಿ ಎಷ್ಟು, ವರ್ಷಕ್ಕೆ 3 ಸಭೆ, ತಲಾ 90 ನಿಮಿಷ, ಅವರಿಂದ ಬಯಸುವುದು ಏನು. ಒಂದು ಪ್ರತಿ ಅವರ ಮೇಲಧಿಕಾರಿಗೂ ಹೋಗಲಿ. ಸೂಪರ್‌ವೈಸರ್‌ಗೆ ಮನಸ್ಸಿದ್ದರೂ ಶಿಫ್ಟ್ ಬಿಟ್ಟು ಬರಲು ಅಪ್ಪಣೆ ಬೇಕು.

## ಹಂತ 5: ಕೆಲಸಗಳ ಪಟ್ಟಿಗೆ ಗುರುತು ಹಾಕಿಸುವುದು

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ, ಬಹುತೇಕರು ಹಾರಿಸುವುದೂ ಇದನ್ನೇ.

ಟ್ರೇಡಿನ ಪ್ರಾಯೋಗಿಕ ಪಟ್ಟಿಯಿಂದ 40ರಿಂದ 50 ಕೆಲಸಗಳನ್ನು ಎತ್ತಿ ಒಂದು ಹಾಳೆಯಲ್ಲಿ ಬರೆಯಿರಿ. ಪಠ್ಯದ ಭಾಷೆ ಬೇಡ, ಕೆಲಸದ ಭಾಷೆ ಇರಲಿ: ‘ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಲ್ಲಿ ದೋಷ ಹುಡುಕುವುದು’, ‘ಮೆಗ್ಗರ್ ಹಾಕಿ ಮೋಟರ್ ವೈಂಡಿಂಗ್ ನೋಡುವುದು’, ‘ವಿ-ಬೆಲ್ಟ್ ಪುಲ್ಲಿ ಸಾಲು ಹಿಡಿಸುವುದು’, ‘ಬೇರಿಂಗ್ ಬಿಚ್ಚಿ ಹಾಕುವುದು’. ಪ್ರತಿ ಸಾಲಿನ ಮುಂದೆ ನಾಲ್ಕು ಚೌಕ: ಮೊದಲ ವಾರವೇ ಬೇಕು, 3 ತಿಂಗಳೊಳಗೆ ಬೇಕು, ಅಪರೂಪ, ನಮ್ಮಲ್ಲಿ ಇಲ್ಲ. ಕೊನೆಗೆ 10 ಖಾಲಿ ಸಾಲು, ನಿಮ್ಮ ಪಟ್ಟಿಯಲ್ಲಿ ಇಲ್ಲದ ಕೆಲಸ ಬರೆಯಲು. ಸಭೆಗೆ 10 ದಿನ ಮೊದಲು ತಲುಪಿಸಿ, 3 ದಿನ ಮೊದಲು ವಾಪಸ್ ಪಡೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಬಂದರೂ ಸರಿ.

ಖಾಲಿ ಸಾಲುಗಳಲ್ಲಿ ಬರುವುದನ್ನು ಗಮನವಿಟ್ಟು ಓದಿ. ರೆಫ್ರಿಜರೇಷನ್ ಟ್ರೇಡನ್ನೇ ತೆಗೆದುಕೊಳ್ಳಿ. ವರ್ಕ್‌ಶಾಪಿನಲ್ಲಿ ಮನೆಯ ಫ್ರಿಜ್, ಸ್ಪ್ಲಿಟ್ ಎ.ಸಿ.; ಅಭ್ಯಾಸವೆಲ್ಲ ತಾಮ್ರದ ಪೈಪ್ ಬಾಗಿಸಿ ಬ್ರೇಜಿಂಗ್ ಮಾಡುವುದು. ದೊಡ್ಡ ಡೇರಿಯ ಶೀತಲ ಘಟಕ ಸಾಮಾನ್ಯವಾಗಿ ಅಮೋನಿಯದಲ್ಲಿ ನಡೆಯುತ್ತದೆ. ತೇವ ಸೇರಿದ ಅಮೋನಿಯ ತಾಮ್ರವನ್ನು ತಿನ್ನುತ್ತದೆ, ಆದ್ದರಿಂದ ಅಲ್ಲಿ ಪೈಪೆಲ್ಲ ಉಕ್ಕಿನದು, ಜೋಡಣೆಯೆಲ್ಲ ವೆಲ್ಡಿಂಗ್. ಡೇರಿಗೆ ಹೋಗುವ ಹುಡುಗನಿಗೆ ಮೊದಲ ವಾರ ಬೇಕಾಗುವುದು ಅಮೋನಿಯ ಸೋರಿದರೆ ಗಾಳಿ ಬರುವ ದಿಕ್ಕಿನತ್ತ ಹೊರಬರಬೇಕು, ಮಾಸ್ಕ್ ಇಲ್ಲದೆ ಒಳಗೆ ಹೋಗಬಾರದು ಎಂಬ ತಿಳಿವಳಿಕೆ, ಆಮೇಲೆ ವಾಲ್ವ್‌ಗಳ ಗುರುತು, ಕಂಪ್ರೆಸರ್ ಲಾಗ್‌ಬುಕ್ ಬರೆಯುವುದು. ಇದಕ್ಕೆ ಪಠ್ಯ ಬದಲಿಸಬೇಕಿಲ್ಲ. ಡೇರಿಯ ಸೂಪರ್‌ವೈಸರ್ ಒಬ್ಬರಿಂದ ಎರಡು ಅತಿಥಿ ತರಗತಿ, ವೆಲ್ಡರ್ ಟ್ರೇಡಿನ ಜೊತೆ ನಾಲ್ಕು ದಿನ ಅಭ್ಯಾಸ, ಒಜೆಟಿ ಅಲ್ಲೇ.

ಕಾಫಿ ಕ್ಯೂರಿಂಗ್‌ನಲ್ಲೂ ಹೀಗೇ. ಹಲ್ಲರ್, ಬಕೆಟ್ ಎಲಿವೇಟರ್, ಗ್ರೇಡರ್ ಎಲ್ಲ ಫಿಟ್ಟರ್‌ಗೆ ಗೊತ್ತಿರುವ ಬೇರಿಂಗ್, ಬೆಲ್ಟ್, ಜರಡಿಯ ಕೆಲಸ. ಬಣ್ಣ ನೋಡಿ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಮುಂದೆ ನಿಂತಾಗ ಮಾತ್ರ ಕೈ ನಡುಗುತ್ತದೆ. ಅದರ ಎಜೆಕ್ಟರ್‌ಗಳು ಒತ್ತಡದ ಗಾಳಿಯಿಂದ ಕೆಲಸ ಮಾಡುತ್ತವೆ. ಗಾಳಿಯಲ್ಲಿ ನೀರು, ಎಣ್ಣೆ ಸೇರಿದರೆ ಬೀಜ ಬೇರ್ಪಡುವುದು ಕೆಡುತ್ತದೆ. ಏರ್ ಡ್ರೈಯರ್, ಫಿಲ್ಟರ್ ಬದಲಿಸುವ ಅಭ್ಯಾಸ ನಿಮ್ಮ ಪಟ್ಟಿಯಲ್ಲಿ ಇದೆಯೇ ನೋಡಿ.

ಗುರುತುಗಳನ್ನು ಕೂಡಿಸುವಾಗ ಒಂದು ಎಚ್ಚರ. ಐದು ಜನರಲ್ಲಿ ಒಬ್ಬರು ಮಾತ್ರ ‘ಮೊದಲ ವಾರ’ ಎಂದದ್ದನ್ನು ಇಡೀ ಟ್ರೇಡಿಗೆ ಹೇರಬೇಡಿ, ಅದು ಆ ಕಾರ್ಖಾನೆಯ ಸ್ವಂತ ತರಬೇತಿ. ಮೂವರು ಅಥವಾ ಹೆಚ್ಚು ಜನ ಗುರುತು ಹಾಕಿದ್ದು ನಿಮ್ಮ ಪಾಲಿನ ಕೆಲಸ. ಹಾಗೆಯೇ ಎಲ್ಲರೂ ‘ನಮ್ಮಲ್ಲಿ ಇಲ್ಲ’ ಎಂದರೂ ಪರೀಕ್ಷೆಯಲ್ಲಿರುವ ಅಭ್ಯಾಸವನ್ನು ಬಿಡುವಂತಿಲ್ಲ. ಬೆಂಗಳೂರಿಗೆ ಹೋಗುವ ಮಕ್ಕಳೂ ಇದ್ದಾರೆ.

ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಸರ್ಕಾರಿ ಐಟಿಐಗಳಲ್ಲಿ ನಿಮ್ಮದೂ ಒಂದಾದರೆ, ಹೊಸ ಯಂತ್ರಗಳ ಮೇಲೂ ಇದೇ ಹಾಳೆ ಮಾಡಿ. ಯಂತ್ರ ಬಂದಿದೆ ಎಂಬ ಕಾರಣಕ್ಕೆ ಸ್ಥಳೀಯವಾಗಿ ಆ ಕೆಲಸ ಇದೆ ಎಂದಾಗುವುದಿಲ್ಲ.

## ಹಂತ 6: ದಿನ ಗೊತ್ತು ಮಾಡುವುದು

ಈ ಎರಡು ಜಿಲ್ಲೆಗಳಲ್ಲಿ ಸಭೆ ಸೋಲುವುದಕ್ಕೆ ಅರ್ಧ ಕಾರಣ ಕ್ಯಾಲೆಂಡರ್.

ಅರೇಬಿಕಾ ಕೊಯ್ಲು ನವೆಂಬರಿನಿಂದ, ಅದರ ಬೆನ್ನಿಗೆ ರೋಬಸ್ಟಾ, ಫೆಬ್ರವರಿ-ಮಾರ್ಚ್‌ನಲ್ಲಿ ಹೂ ಬರಿಸಲು ಸ್ಪ್ರಿಂಕ್ಲರ್ ನೀರು. ಕೊಯ್ಲು ಮುಗಿದಂತೆ ಕ್ಯೂರಿಂಗ್‌ನವರಿಗೆ ಉಸಿರಾಡಲು ಬಿಡುವಿಲ್ಲ. ಕಾಫಿಗೆ ಸಂಬಂಧಿಸಿದ ಸದಸ್ಯರನ್ನು ನವೆಂಬರಿನಿಂದ ಮಾರ್ಚ್‌ವರೆಗೆ ಸಭೆಗೆ ಕರೆಯಬೇಡಿ. ಬೇಕಿದ್ದರೆ ನೀವೇ ಹೋಗಿ. ಜುಲೈ-ಆಗಸ್ಟ್‌ನಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಿಂದ ಮಳೆಯಲ್ಲಿ ಬರುವುದು ಕಷ್ಟ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನ ಪೇಟೆಯೊಳಗೆ ಸಭೆ ಇಡುವ ಸಾಹಸವೇ ಬೇಡ.

ಉಳಿದದ್ದು: ಮೊದಲ ಸಭೆ ಸೆಪ್ಟೆಂಬರ್, ದಸರೆಯ ಗಡಿಬಿಡಿಗೆ ಮುಂಚೆ. ಖರೀದಿಗೆ ಸಂಬಂಧಿಸಿದ್ದೆಲ್ಲ ಇಲ್ಲೇ ತೀರ್ಮಾನವಾಗಲಿ, ಇಲ್ಲವಾದರೆ ಇಂಡೆಂಟ್, ದರಪಟ್ಟಿ, ಟೆಂಡರ್ ಮುಗಿದು ಮಾರ್ಚ್ 31ರೊಳಗೆ ಸಾಮಗ್ರಿ ಬರುವುದಿಲ್ಲ. ಎರಡನೆಯದು ಜನವರಿ, ಕಾಫಿಯವರನ್ನು ಬಿಟ್ಟು ಉಳಿದ ಟ್ರೇಡ್‌ಗಳಿಗೆ. ಮೂರನೆಯದು ಮೇ, ಹೊಸ ಪ್ರವೇಶಕ್ಕೆ ಮೊದಲು. ಹೊತ್ತು ಮಧ್ಯಾಹ್ನ 3ರಿಂದ 4.30; ಬೆಳಗಿನ ಶಿಫ್ಟಿನವರಿಗೆ ಅದು ಅನುಕೂಲ. ಒಮ್ಮೆಯಾದರೂ ಸದಸ್ಯರ ಕಾರ್ಖಾನೆಯಲ್ಲೇ ಸಭೆ ನಡೆಸಿ.

## ಹಂತ 7: ಆ 90 ನಿಮಿಷ

ಮೊದಲ 10 ನಿಮಿಷ, ಹಿಂದಿನ ಸಭೆಯ ಮಾತು ಏನಾಯಿತು ಎಂಬುದು. ಆಗಿಲ್ಲದ್ದನ್ನು ಆಗಿಲ್ಲ ಎಂದೇ ಹೇಳಿ, ಕಾರಣ ಸಹಿತ. ನಂತರದ 20 ನಿಮಿಷ ವರ್ಕ್‌ಶಾಪಿನಲ್ಲಿ, ತರಬೇತಿ ನಡೆಯುತ್ತಿರುವಾಗಲೇ. ಯಂತ್ರಗಳಿಗೆ ಹಾರ ಹಾಕಿ ಸಾಲಾಗಿ ನಿಲ್ಲಿಸಿದ ಪ್ರದರ್ಶನ ಬೇಡ. ಒಬ್ಬ ಟ್ರೈನಿಗೆ ಒಂದು ದೋಷ ಹುಡುಕಲು ಕೊಟ್ಟು ಸದಸ್ಯರು ನೋಡಲಿ. ಆಮೇಲೆ 45 ನಿಮಿಷ ಗುರುತು ಹಾಕಿದ ಹಾಳೆಯ ಚರ್ಚೆ, ಕೊನೆಯ 15 ನಿಮಿಷ ತೀರ್ಮಾನ.

ಅಧ್ಯಕ್ಷತೆ ಉದ್ಯಮದವರದ್ದಾಗಿರಲಿ. ಪ್ರಾಚಾರ್ಯರು ಅಧ್ಯಕ್ಷರಾದರೆ ಸಂಸ್ಥೆಯನ್ನು ಸಮರ್ಥಿಸಿಕೊಳ್ಳುವುದೇ ಸಭೆಯ ಕೆಲಸವಾಗುತ್ತದೆ. ಜೆಟಿಓಗಳು ಒಂದು ನಿಯಮ ಪಾಲಿಸಬೇಕು: ಸದಸ್ಯರು ಹೇಳುವಾಗ ‘ಅದನ್ನು ಆಗಲೇ ಕಲಿಸುತ್ತಿದ್ದೇವೆ ಸಾರ್’ ಎನ್ನುವಂತಿಲ್ಲ. ಕಲಿಸಿದ್ದು ಕಾರ್ಖಾನೆಯಲ್ಲಿ ಕಾಣುತ್ತಿಲ್ಲ ಎಂಬುದೇ ಅವರು ಹೇಳುತ್ತಿರುವುದು. ಒಂದು ಸಭೆಗೆ ಮೂರಕ್ಕಿಂತ ಹೆಚ್ಚು ತೀರ್ಮಾನ ಬೇಡ. ಶಾಸಕರನ್ನು, ಅಧಿಕಾರಿಗಳನ್ನು ಕರೆದು ಗೌರವಿಸುವುದಿದ್ದರೆ ಘಟಿಕೋತ್ಸವ ಇದೆ.

## ಹಂತ 8: ನಡಾವಳಿ ಮತ್ತು ಅನುಪಾಲನೆ

ನಡಾವಳಿ ಎರಡು ದಿನದೊಳಗೆ ಸದಸ್ಯರ ಕೈ ಸೇರಬೇಕು. ‘ಈ ಬಗ್ಗೆ ಸುದೀರ್ಘವಾಗಿ ಚರ್ಚಿಸಲಾಯಿತು’ ಎಂಬ ವಾಕ್ಯ ಇದ್ದರೆ ಹೊಡೆದುಹಾಕಿ. ಪ್ರತಿ ತೀರ್ಮಾನಕ್ಕೂ ಮೂರು ಅಂಶ: ಏನು, ಯಾರು, ಯಾವ ತಾರೀಕಿನೊಳಗೆ. ‘ಸಂಸ್ಥೆಯ ವತಿಯಿಂದ’ ಎಂದರೆ ಯಾರೂ ಅಲ್ಲ. ಜೆಟಿಓ ಹೆಸರು ಬರೆಯಿರಿ.

ಆರು ವಾರದ ಹೊತ್ತಿಗೆ ಅರ್ಧ ಪುಟದ ಅನುಪಾಲನಾ ವರದಿ. ಒಪ್ಪದ ಸಲಹೆಗೂ ಉತ್ತರ ಕೊಡಿ: ‘ಮೋಟರ್ ವೇಗ ಹೊಂದಿಸುವ ವಿಎಫ್‌ಡಿ ಪ್ಯಾನೆಲ್ ಈ ವರ್ಷ ಕೊಳ್ಳಲಾಗದು, ಅನುದಾನ ಇಲ್ಲ, ಬದಲಿಗೆ ಹತ್ತಿರದ ಘಟಕಕ್ಕೆ ಒಂದು ದಿನ ಕರೆದೊಯ್ದೆವು’. ಸಲಹೆ ತಿರಸ್ಕಾರವಾದರೆ ಯಾರೂ ಸಿಟ್ಟಾಗುವುದಿಲ್ಲ. ಮೌನವೇ ಅವರನ್ನು ಓಡಿಸುವುದು.

## ಹಂತ 9: ಒಜೆಟಿ ಮತ್ತು ಅಪ್ರೆಂಟಿಸ್‌ಶಿಪ್

2022ರ ಪರಿಷ್ಕೃತ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ ತರಬೇತಿಯ ಜೊತೆಗೆ 150 ಗಂಟೆ ಒಜೆಟಿ ಇದೆ. ಸ್ಥಳ ಸಿಗದಿದ್ದಲ್ಲಿ ಗ್ರೂಪ್ ಪ್ರಾಜೆಕ್ಟ್. ದಿನಕ್ಕೆ 6 ಗಂಟೆಯಂತೆ 25 ದಿನ. ಸಮಿತಿಗೆ ಕೇಳಲು ಇದು ಒಳ್ಳೆಯ ಮೊದಲ ಬೇಡಿಕೆ, ಏಕೆಂದರೆ ಹಣದ ಮಾತಿಲ್ಲ. ಒಂದು ಘಟಕಕ್ಕೆ ಒಮ್ಮೆಗೆ 4ರಿಂದ 6 ಜನ ಸಾಕು. ಇಡೀ ಬ್ಯಾಚ್ ಕಳುಹಿಸಿದರೆ ಮೂಲೆಯಲ್ಲಿ ಕೂರಿಸಿ ಹಾಜರಾತಿ ಹಾಕುತ್ತಾರೆ. ಲಾಗ್‌ಬುಕ್‌ಗೆ ಸಹಿ ಹಾಕುವ ಸೂಪರ್‌ವೈಸರ್ ಯಾರೆಂದು ಮೊದಲೇ ಗೊತ್ತಿರಲಿ. 18 ತುಂಬದವರ ಪಟ್ಟಿ ಬೇರೆ ಮಾಡಿ ಕಾರ್ಖಾನೆಗೆ ಕೊಡಿ, ಅಪಾಯದ ಯಂತ್ರಗಳ ವಿಷಯದಲ್ಲಿ ಅವರಿಗೆ ಕಾನೂನಿನ ನಿರ್ಬಂಧಗಳಿವೆ. ಸುರಕ್ಷತಾ ಬೂಟು ಸಂಸ್ಥೆಯದೋ ಕಾರ್ಖಾನೆಯದೋ, ಹೆಣ್ಣುಮಕ್ಕಳಿಗೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆ, ಇವು ಸಣ್ಣ ಪ್ರಶ್ನೆಗಳಂತೆ ಕಂಡರೂ ಒಜೆಟಿ ನಿಲ್ಲುವುದು ಇವುಗಳಿಂದಲೇ.

ಅಪ್ರೆಂಟಿಸ್‌ಶಿಪ್ ಮಾತು ಎರಡನೇ ಸಭೆಗೆ. ಗುತ್ತಿಗೆಯವರನ್ನೂ ಸೇರಿಸಿ 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ಜನರಿರುವಲ್ಲಿ ಅದು ಐಚ್ಛಿಕ. ಸಣ್ಣ ಶೆಡ್ಡಿನವರಿಗೆ ಈ ಎರಡನೇ ಭಾಗ ಗೊತ್ತಿರುವುದು ಕಡಿಮೆ. ಪೋರ್ಟಲ್ ನೋಂದಣಿಯನ್ನು ನಿಮ್ಮ ಪ್ಲೇಸ್‌ಮೆಂಟ್ ಅಧಿಕಾರಿ ಅವರ ಪಕ್ಕ ಕೂತು ಮಾಡಿಕೊಟ್ಟರೆ ಅರ್ಧ ಕೆಲಸ ಆದಂತೆ.

## ಹಂತ 10: ಯಂತ್ರ ದಾನ ಬಂದರೆ

ಹೂಂ ಎನ್ನುವ ಮೊದಲು ಹೋಗಿ ನೋಡಿ. ಹಳೆಯ ಲೇತ್ ಆದರೆ ಸ್ಪಿಂಡಲ್‌ಗೆ ಡಯಲ್ ಇಂಡಿಕೇಟರ್ ಇಟ್ಟು ರನ್‌ಔಟ್ (ತಿರುಗುವಾಗಿನ ಓಲಾಟ) ನೋಡಿ, ಚಕ್ ಹತ್ತಿರ ಬೆಡ್ ಸವೆದಿದೆಯೇ ಬೆರಳಾಡಿಸಿ, ಗಾರ್ಡ್‌ಗಳಿವೆಯೇ ಕೇಳಿ. ಸಿಎನ್‌ಸಿ ಆದರೆ ಕಂಟ್ರೋಲರ್‌ನ ಪ್ಯಾರಾಮೀಟರ್ ಬ್ಯಾಕಪ್, ಲ್ಯಾಡರ್ ಪ್ರೋಗ್ರಾಂ, ಪಾಸ್‌ವರ್ಡ್ ಜೊತೆಗೇ ಬರಬೇಕು. ಮೆಮೊರಿಯ ಬ್ಯಾಟರಿ ಸತ್ತ ಮೇಲೆ ಅವು ಸಿಗುವುದಿಲ್ಲ. ಸಾಗಣೆ, ಅಡಿಪಾಯ, ಸ್ಟೆಬಿಲೈಸರ್, ಒತ್ತಡದ ಗಾಳಿ ಇವಕ್ಕೆ ಹಣ ಯಾರದು? ಮಂಜೂರಾದ ಲೋಡಿನಲ್ಲಿ ಅದು ನಡೆಯುತ್ತದೆಯೇ? ಉತ್ತರ ಸಿಗುವವರೆಗೆ ಧನ್ಯವಾದ ಹೇಳಿ ಕಾಯಿರಿ. ಒಪ್ಪಿದರೆ ದಾನಪತ್ರ ಪಡೆದು, ದಾಸ್ತಾನು ವಹಿಗೆ ಅಂದೇ ಏರಿಸಿ. ಎಷ್ಟೋ ಸಲ ಯಂತ್ರಕ್ಕಿಂತ ತಿರಸ್ಕೃತ ಬಿಡಿಭಾಗಗಳೇ ಹೆಚ್ಚು ಉಪಯೋಗ: ಸುಟ್ಟ ಕಾಂಟ್ಯಾಕ್ಟರ್, ಸವೆದ ಬೇರಿಂಗ್, ಹರಿದ ಬೆಲ್ಟ್. ದೋಷ ಹುಡುಕುವ ಪಾಠಕ್ಕೆ ಹೊಸ ಬಿಡಿಭಾಗ ನಿಷ್ಪ್ರಯೋಜಕ.

## ಸಮಿತಿ ಸಾಯುತ್ತಿದೆ ಎಂಬುದರ ಗುರುತು

ಸತತ ಎರಡು ಸಭೆಗೆ ಸದಸ್ಯರ ಬದಲು ಬೇರೆಯವರು ಬಂದರು. ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಸಂಸ್ಥೆಯವರೇ ಮಾತಾಡಿದರು. ಎಲ್ಲ ಸಲಹೆಗೂ ಒಪ್ಪಿಗೆ, ಒಂದೂ ವಾದವಿಲ್ಲ. ಹಿಂದಿನ ನಡಾವಳಿಯ ಸಾಲುಗಳೇ ತಾರೀಕು ಬದಲಾಗಿ ಮತ್ತೆ ಬಂದಿವೆ. ಫೋಟೋ ಮಾತ್ರ ಅದೇ ದಿನ ಸಿದ್ಧ, ನಡಾವಳಿ ತಿಂಗಳಾದರೂ ಇಲ್ಲ.

ಇವುಗಳಲ್ಲಿ ಎರಡು ಕಂಡರೂ ಮುಂದಿನ ಸಭೆ ಕರೆಯಬೇಡಿ. ಪ್ರತಿ ಸದಸ್ಯರಿಗೂ ಫೋನ್ ಮಾಡಿ, ಕಳೆದ ಎರಡು ಸಭೆಯ ತೀರ್ಮಾನಗಳಲ್ಲಿ ಆದದ್ದು ಯಾವುದು, ಆಗದ್ದು ಯಾವುದು ಎಂದು ನೀವೇ ಹೇಳಿ. ಮುಂದುವರಿಯಲು ಇಷ್ಟವಿಲ್ಲದವರಿಗೆ ಅವಧಿ ಮುಗಿದ ಪತ್ರ ಕೊಟ್ಟು, ಅವರ ಜಾಗಕ್ಕೆ ಅವರಿಂದಲೇ ಒಂದು ಹೆಸರು ಕೇಳಿ. ಆಗಲೂ ಮೂರೇ ಜನ ಉಳಿದರೆ ಮೂವರೊಂದಿಗೇ ಹಂತ 5ರ ಹಾಳೆಯಿಂದ ಮತ್ತೆ ಶುರು ಮಾಡಿ, ಒಂದೇ ಟ್ರೇಡಿಗೆ.